ಹಿತ್ತಲ ಒಲೆಗೆ ಕಲ್ಲು ಯಾವುದು?

ಅಂಜನಾದ್ರಿಯ ನೆರೆಯ ಹನುಮನಹಳ್ಳಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಲ್ಲು. ಬೆಟ್ಟದಲ್ಲಿ ಕಲ್ಲು, ಗದ್ದೆಯ ಅಂಚಿನಲ್ಲಿ ಕಲ್ಲು, ತುಂಗಭದ್ರೆಯ ಪಾತ್ರದಲ್ಲಿಯೂ ಕಲ್ಲು. ಇಂಥ ಊರಿನಲ್ಲಿ ಹಿತ್ತಲಿಗೊಂದು ಒಲೆ ಬೇಕಾದರೆ ಮೂರು ಗುಂಡುಕಲ್ಲು ಉರುಳಿಸಿ ತಂದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸೀತು. ರಜೆಗೆ ಊರಿಗೆ ಬಂದು, ಬಯಲಿನಲ್ಲಿ ರೊಟ್ಟಿ ಸುಡುವ, ಚಳಿಗಾಲದ ಸಂಜೆ ಬೆಂಕಿಯ ಸುತ್ತ ಕೂಡುವ ಉತ್ಸಾಹವುಳ್ಳ ಪಟ್ಟಣದ ಕುಟುಂಬಗಳಿಗಂತೂ ಹೊಳೆಯ ನುಣುಪುಗಲ್ಲೆಂದರೆ ಮೋಹ. ಅಪಾಯವಿರುವುದು ಆ ಮೋಹದಲ್ಲಿಯೇ.

ಹೊಳೆಯ ಕಲ್ಲು ನೋಟಕ್ಕೆ ಒಣಗಿದ್ದರೂ ಅದರ ಸೂಕ್ಷ್ಮವಾದ ಬಿರುಕುಗಳಲ್ಲಿ ನೀರು ಉಳಿದಿರಬಹುದು. ಬೆಂಕಿಯ ಕಾವಿಗೆ ಆ ನೀರು ಆವಿಯಾಗಿ, ಹೊರಬರಲು ದಾರಿ ಕಾಣದೆ ಕಲ್ಲನ್ನೇ ಸಿಡಿಸುತ್ತದೆ. ಸಿಡಿದ ಚಕ್ಕೆ ಒಲೆಯ ಮುಂದೆ ಕುಳಿತವರ ಕಣ್ಣಿಗೆ ಎರಗಬಹುದು. ಒಣಗಲ್ಲಾದರೂ ನಿರ್ಭಯವೆನ್ನುವಂತಿಲ್ಲ. ಇಲ್ಲಿಯ ಗ್ರಾನೈಟು ಹಲವು ಖನಿಜಗಳ ಕೂಟ. ಕಾದಾಗ ಒಂದೊಂದೂ ಒಂದೊಂದು ಪ್ರಮಾಣದಲ್ಲಿ ಹಿಗ್ಗುತ್ತದೆ. ಅದರೊಳಗಿನ ಬೆಣಚು ಸುಮಾರು 573 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಥಟ್ಟನೆ ಹಿಗ್ಗುವುದು. ಕಟ್ಟಿಗೆಯ ಕೆಂಡಕ್ಕೆ ಆ ಕಾವು ಹೆಚ್ಚಿನದೇನಲ್ಲ. ನಮ್ಮ ಕಲ್ಲುಕುಟಿಗರು ಈ ಗುಣವನ್ನು ಹಿಂದೆಯೇ ಬಲ್ಲವರು. ಬಂಡೆಯ ಮೇಲೆ ಸೌದೆ ಉರಿಸಿ ಚಪ್ಪಡಿಯನ್ನು ಎಬ್ಬಿಸುವ ಪದ್ಧತಿ ಕರ್ನಾಟಕದಲ್ಲಿ ನಡೆದುಬಂದದ್ದು. ಬಂಡೆಯನ್ನು ಸೀಳುವ ಉಪಾಯವನ್ನೇ ಒಲೆಗೆ ಹೂಡುವುದು ವಿವೇಕವೇ?

ಆದ್ದರಿಂದ ಕಲ್ಲು ಹೊರಗಿರಲಿ. ಬೆಂಕಿ ತಾಗುವ ಒಳಮೈ ಚೆನ್ನಾಗಿ ಬೆಂದ ಇಟ್ಟಿಗೆಯದಾಗಿರಲಿ. ಇಟ್ಟಿಗೆಯನ್ನು ಕೂಡಿಸಲು ಸಿಮೆಂಟು ಬೇಡ. ಕಾವಿಗೆ ಅದು ಬಿರಿದು ಉದುರುತ್ತದೆ. ಬತ್ತದ ಹೊಟ್ಟು ಬೆರೆಸಿ ಕಲಸಿದ ಜೇಡಿಮಣ್ಣೇ ಮೇಲು. ಬಿರುಕು ಬಿಟ್ಟರೆ ಮನೆಯವರೇ ಮೆತ್ತಿಕೊಳ್ಳಬಹುದು. ಹೊಸ ಒಲೆ ಪೂರ್ತಿ ಒಣಗಿದ ಮೇಲೆ ಸಣ್ಣ ಉರಿಯಿಂದ ಆರಂಭಿಸತಕ್ಕದ್ದು.

ಇನ್ನು ಸ್ಥಳದ ಮಾತು. ಗಂಗಾವತಿಯ ಸೀಮೆ ಬತ್ತದ ನಾಡು. ಸುಗ್ಗಿ ಮುಗಿದರೆ ಮನೆಯ ಮಗ್ಗುಲಲ್ಲೇ ಹುಲ್ಲಿನ ಬಣವೆ ಏಳುತ್ತದೆ. ಮುಂಗಾರಿನ ಗಾಳಿ ಪಡುವಣದಿಂದ, ಚಳಿಗಾಲದ್ದು ಮೂಡಣದಿಂದ. ಹೀಗಿರುವಾಗ ಬಣವೆಯ ಪಡುವಣಕ್ಕೂ ಒಲೆ ಸಲ್ಲದು, ಮೂಡಣಕ್ಕೂ ಸಲ್ಲದು. ಮನೆಯ ಗೋಡೆಯಿಂದ ಹತ್ತಡಿ, ಬಣವೆಯಿಂದ ಅದರ ಐದರಷ್ಟು ದೂರವಿರಬೇಕೆಂಬುದು ನನ್ನ ಲೆಕ್ಕ. ಅಷ್ಟು ಜಾಗವಿಲ್ಲದವರು ಆಸೆಯನ್ನು ಬಿಡುವುದೇ ಲೇಸು. ತೆಂಗಿನ ಗರಿಯ ಚಪ್ಪರದ ಕೆಳಗೆ ಒಲೆ ಹೂಡುವ ಚಪಲವಂತೂ (ಛಾಯಾಚಿತ್ರಕ್ಕೆ ಬಲು ಚೆನ್ನ!) ಕೂಡದು. ಹಸಿ ಸೌದೆಗೆ ಸೀಮೆಎಣ್ಣೆ ಸುರಿಯುವವರಿಗೆ ಹೇಳುವುದೇನು?

ಬೂದಿ ಮುಚ್ಚಿದ ಕೆಂಡವೆಂಬುದು ಬರಿಯ ಉಪಮೆಯಲ್ಲ. ರಾತ್ರಿ ಆರಿದಂತೆ ಕಂಡ ಒಲೆಯಲ್ಲಿ ಮರುದಿನ ಬೆಳಗ್ಗೆಯೂ ಕೆಂಡ ಜೀವಂತವಾಗಿರಬಲ್ಲದು. ಬರಿಗಾಲಿನಲ್ಲಿ ಹಿತ್ತಲಿಗಿಳಿಯುವ ಮಕ್ಕಳಿಗೆ ಅದು ತಿಳಿಯುವುದೆಂತು? ಮಲಗುವ ಮುನ್ನ ಕೆಂಡವನ್ನು ಬರಿನೆಲಕ್ಕೆ ಎಳೆದು, ನೀರು ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಬೇಕು. ಕಾದ ಒಲೆಯೊಳಗೇ ಕೊಡ ಬೋರಲು ಹಾಕಿದರೆ ಇಟ್ಟಿಗೆ ಸೀಳುತ್ತದೆ, ಬಿಸಿಹಬೆ ಮುಖಕ್ಕೆ ಹೊಡೆಯುತ್ತದೆ. ಕೊನೆಗೆ ಕೈಯ ಹಿಂಬದಿಯನ್ನು ಬೂದಿಯ ಸಮೀಪ ಹಿಡಿದು ನೋಡಿ. ಬಿಸುಪು ತಾಕಿದರೆ ಇನ್ನೊಂದು ತಂಬಿಗೆ ನೀರು.