ಅವಕೆಂಪು ವರ್ಣಫಿಲ್ಮಿಗೆ ಫಿಲ್ಟರಿನ ಆಯ್ಕೆಯೂ ಬೆಳಕಿನ ಪ್ರಮಾಣವೂ

ಕೆಂಪಿನಾಚೆ ಕಣ್ಣಿಗೆ ಕಾಣದ ಕಿರಣಗಳುಂಟೆಂಬುದನ್ನು ವಿಲಿಯಂ ಹರ್ಷೆಲನು 1800ರಲ್ಲಿ ಉಷ್ಣಮಾಪಕದ ಸಹಾಯದಿಂದ ತೋರಿಸಿಕೊಟ್ಟನು. ಇವೇ ಅವಕೆಂಪು ಕಿರಣಗಳು. ಸೊಂಪಾದ ಎಲೆಯು ಹಸುರು ಬೆಳಕಿಗಿಂತ ಈ ಕಿರಣಗಳನ್ನೇ ಬಹಳ ಹೆಚ್ಚಾಗಿ ಪ್ರತಿಫಲಿಸುತ್ತದೆ. ಹಸುರು ಬಣ್ಣ ಬಳಿದ ಬಟ್ಟೆ ಸಾಮಾನ್ಯವಾಗಿ ಹಾಗೆ ಮಾಡದು. ಎರಡನೆಯ ಮಹಾಯುದ್ಧದಲ್ಲಿ ಮರೆಮಾಚಿದ ಸೇನಾನೆಲೆಗಳನ್ನು ವಿಮಾನದಿಂದ ಗುರುತಿಸಲು ಅಮೆರಿಕದ ಕೊಡಕ್ ಸಂಸ್ಥೆಯು ನಿರ್ಮಿಸಿದ ಅವಕೆಂಪು ವರ್ಣಫಿಲ್ಮಿಗೆ ಈ ಭೇದವೇ ಆಧಾರ. 1956ರಲ್ಲಿ ರಾಬರ್ಟ್ ಕಾಲ್‌ವೆಲ್ಲನು ಧಾನ್ಯದ ಬೆಳೆಗಳ ರೋಗವನ್ನು ಆಕಾಶದಿಂದ ಕಾಣಬಹುದೆಂದು ತಿಳಿಸಿದನು. 1970ರಲ್ಲಿ ಪಿ. ಆರ್. ಪಿಷಾರೊಟಿಯವರ ನೇತೃತ್ವದಲ್ಲಿ, ಕೇರಳದ ತೆಂಗಿನ ಬೇರು ಸೊರಗು ರೋಗವನ್ನು ಹೆಲಿಕಾಪ್ಟರಿನಿಂದ ಇಂತಹ ಫಿಲ್ಮಿನ ಮೂಲಕ ಪರೀಕ್ಷಿಸಲಾಯಿತು. ಇಂತಹ ಕಾರ್ಯದಲ್ಲಿ ಫಿಲ್ಟರೋ ಬೆಳಕಿನ ಪ್ರಮಾಣವೋ ತಪ್ಪಿದರೆ ಆರೋಗ್ಯದ ಮರವೇ ರೋಗಿಯಂತೆ ತೋರೀತು.

ಈ ಫಿಲ್ಮಿನಲ್ಲಿ ಮೂರು ಪದರಗಳುಂಟು. ಅವು ಕ್ರಮವಾಗಿ ಹಸುರು, ಕೆಂಪು, ಅವಕೆಂಪು ಬೆಳಕುಗಳನ್ನು ಗ್ರಹಿಸುವುವು. ಸಂಸ್ಕರಣೆಯಾದ ಮೇಲೆ, ಬೆಳಕು ತಾಗದೆ ಉಳಿದ ಎಡೆಗಳಲ್ಲಿ ಇವುಗಳಲ್ಲಿ ಹಳದಿ, ಮೆಜೆಂಟಾ, ಸಯಾನ್ ಬಣ್ಣಗಳು ಮೂಡುತ್ತವೆ. ಆದುದರಿಂದ ಹಸುರು ವಸ್ತು ನೀಲಿಯಾಗಿಯೂ, ಕೆಂಪು ವಸ್ತು ಹಸುರಾಗಿಯೂ, ಅವಕೆಂಪನ್ನು ಚೆಲ್ಲುವ ಎಲೆಯು ಕೆಂಪಾಗಿಯೂ ಕಾಣುತ್ತದೆ. ಬಣ್ಣಗಳು ಒಂದೊಂದು ಮೆಟ್ಟಿಲು ಸರಿದಿವೆಯೆಂದು ತಿಳಿದರೆ ಸಾಕು.

ಆದರೆ ಈ ಮೂರು ಪದರಗಳಿಗೂ ನೀಲಿ ಬೆಳಕು ತಾಗುತ್ತದೆ. ಅದನ್ನು ತಡೆಯದಿದ್ದರೆ ಬಣ್ಣಗಳ ವಿಂಗಡಣೆ ಕೆಡುವುದಲ್ಲದೆ, ದೂರದ ಮಬ್ಬೂ ಚಿತ್ರವನ್ನು ಕವಿಯುವುದು. ಸುಮಾರು 500 ನ್ಯಾನೋಮೀಟರಿಗಿಂತ ಕಿರಿದಾದ ಅಲೆಗಳನ್ನು ತಡೆಯುವ ರಾಟನ್ 12 ಎಂಬ ಗಾಢ ಹಳದಿ ಫಿಲ್ಟರನ್ನು ವಿಧಿಸಿರುವುದು ಇದಕ್ಕಾಗಿಯೇ. ಕಿತ್ತಳೆ ಫಿಲ್ಟರು ಹಸುರಿನ ಒಂದು ಪಾಲನ್ನೂ ತಡೆಯುವುದರಿಂದ ಚಿತ್ರದಲ್ಲಿ ಹಳದಿ ಹೆಚ್ಚಿ, ಎಲೆಗಳು ಕಿತ್ತಳೆಯತ್ತ ವಾಲುತ್ತವೆ. ಕೆಂಪು ಫಿಲ್ಟರಿನಿಂದ ಹಸುರು ಪದರಕ್ಕೆ ಬೆಳಕೇ ದೊರೆಯದೆ, ಚಿತ್ರದಿಂದ ನೀಲಿಯು ಮಾಯವಾಗುತ್ತದೆ. ಅವಕೆಂಪನ್ನು ಮಾತ್ರ ಬಿಡುವ ಕಪ್ಪು ಫಿಲ್ಟರಾದರೋ ಚಿತ್ರವನ್ನೆಲ್ಲ ಒಂದೇ ಕೆಂಪಾಗಿಸುವುದು. ಕಲಾವಿದನಿಗೆ ಇವು ಇಷ್ಟವಾಗಬಹುದು. ರೋಗಪರೀಕ್ಷೆಗೆ ಹಳದಿಯೇ ಯೋಗ್ಯ.

ಬೆಳಕಿನ ಪ್ರಮಾಣವು ಇನ್ನೂ ಸೂಕ್ಷ್ಮವಾದುದು. ಸಾಮಾನ್ಯ ಮಾಪಕವು ಕಣ್ಣಿಗೆ ಕಾಣುವ ಬೆಳಕನ್ನಳೆಯುವುದೇ ಹೊರತು ಅವಕೆಂಪನ್ನು ಸರಿಯಾಗಿ ಅಳೆಯದು. ಸಂಜೆಯ ಬಿಸಿಲಿನಲ್ಲಿ ಅವಕೆಂಪಿನ ಪಾಲು ಹೆಚ್ಚು; ಆಕಾಶದ ನೀಲಿ ಬೆಳಕು ಮಾತ್ರ ಬೀಳುವ ನೆರಳಿನಲ್ಲಿ ಬಲು ಕಡಿಮೆ. ಹಳದಿ ಫಿಲ್ಟರಿನೊಡನೆ ಫಿಲ್ಮಿನ ವೇಗವನ್ನು 100 ಎಂದು ಹಿಡಿದು, ತೆರೆದ ಬಿಸಿಲಿನಲ್ಲಿ ಎಫ್/16 ರಂಧ್ರಕ್ಕೆ 1/125 ಸೆಕೆಂಡಿನಿಂದ ಆರಂಭಿಸಬಹುದು. ಫಿಲ್ಟರಿನಿಂದಾಗುವ ನಷ್ಟ ಈ ಅಂಕದಲ್ಲಿಯೇ ಸೇರಿದೆ. ಮಾಪಕವು ಫಿಲ್ಟರಿನ ಹಿಂದಿದ್ದರೆ ಅದೇ ನಷ್ಟವನ್ನು ಎರಡು ಸಲ ಎಣಿಸಿದಂತಾಗುವುದು. ಅರ್ಧ ಮೆಟ್ಟಿಲಿನ ತಪ್ಪೂ ಎದ್ದು ಕಾಣುವುದರಿಂದ, ಆ ಅಳತೆಗೆ ಅರ್ಧ ಮೆಟ್ಟಿಲು ಮೇಲೊಂದು, ಕೆಳಗೊಂದು ಚಿತ್ರವನ್ನು ತೆಗೆಯುವುದು ಲೇಸು. ಮೂರರಲ್ಲಿ ಎರಡು ಪದರಗಳು ಕಾಣುವ ಬೆಳಕಿನವೇ ಆದುದರಿಂದ ಕಣ್ಣಳತೆಯ ನಾಭೀಕರಣವೇ ಸಾಕು. ರಂಧ್ರವನ್ನು ಕಿರಿದುಗೊಳಿಸಿದರೆ ಉಳಿದ ಕೊರತೆಯೂ ನೀಗುವುದು.

ಬೆಳಕು ಕಡಿಮೆಯಾದರೆ ಆರೋಗ್ಯದ ಮರವೂ ಕರಿಗೆಂಪಾಗಿ, ಸೊರಗಿದ ಮರವನ್ನು ಹೋಲುತ್ತದೆ. ಹೆಚ್ಚಾದರೆ ರೋಗದ ಮಂಕು ತೆಳುಗೆಂಪಿನಲ್ಲಿ ಅಡಗಿಹೋಗುತ್ತದೆ. ಬೆಚ್ಚನೆಯ ಎಡೆಯಲ್ಲಿಟ್ಟ ಹಳೆಯ ಫಿಲ್ಮಿನ ಅವಕೆಂಪು ಪದರವು ಮಿಕ್ಕವುಗಳಿಗಿಂತ ಮೊದಲೇ ಶಕ್ತಿಗುಂದುವುದರಿಂದ ಅದೂ ಇಂತಹ ಭ್ರಮೆಗೆ ಕಾರಣ. ಆದುದರಿಂದ ಫಿಲ್ಮನ್ನು ಹೆಪ್ಪುಗಟ್ಟುವ ಚಳಿಯಲ್ಲಿ ಕಾಪಾಡಿ, ಸಂಪೂರ್ಣ ಕತ್ತಲೆಯಲ್ಲಿ ಕ್ಯಾಮರಾಕ್ಕೆ ತುಂಬಬೇಕು. ಆರೋಗ್ಯವೆಂದು ನೆಲದಲ್ಲಿ ನಿಂತು ಪರೀಕ್ಷಿಸಿದ ಕೆಲವು ಮರಗಳು ಪ್ರತಿಯೊಂದು ಸುರುಳಿಯಲ್ಲಿಯೂ ಇದ್ದರೆ, ಉಳಿದವನ್ನು ಅವುಗಳೊಡನೆ ಹೋಲಿಸಿ ನಿರ್ಣಯಿಸಬಹುದು.

ಕೊಡಕ್ ಸಂಸ್ಥೆಯು 35 ಮಿಲಿಮೀಟರಿನ ಈ ಫಿಲ್ಮಿನ ತಯಾರಿಕೆಯನ್ನು 2007ರಲ್ಲಿ ನಿಲ್ಲಿಸಿತು. ವಿಮಾನಚಿತ್ರಣದ ಏರೋಕ್ರೋಮ್ ಕೂಡ ಕೆಲವೇ ವರ್ಷಗಳಲ್ಲಿ ನಿಂತಿತು. ಆದರೂ ಉಪಗ್ರಹಗಳ ಚಿತ್ರಗಳಲ್ಲಿ ಸಸ್ಯರಾಶಿಯನ್ನು ಕೆಂಪಾಗಿ ತೋರಿಸುವ ರೂಢಿಯು ಈ ಫಿಲ್ಮಿನಿಂದಲೇ ಬಂದುದು. 1988ರಲ್ಲಿ ಉಡಾವಣೆಯಾದ ಭಾರತದ ಐಆರ್‌ಎಸ್-1ಎ ಉಪಗ್ರಹದ ಕ್ಯಾಮರಾಗಳೂ ಅವಕೆಂಪನ್ನು ಗ್ರಹಿಸುವಂತಹವಾಗಿದ್ದುವು. ಅಂತಹ ಚಿತ್ರಗಳನ್ನು ಓದುವವನಿಗೂ, ಕೆಂಪು ಕುಂದಿದ್ದು ಬೆಳೆಯ ದೋಷದಿಂದಲೋ ಬೆಳಕಿನ ಲೆಕ್ಕದ ದೋಷದಿಂದಲೋ ಎಂಬುದೇ ಮೊದಲು ನಿರ್ಣಯಿಸಬೇಕಾದ ಪ್ರಶ್ನೆ.