ವೃದ್ಧರ ರೈಲು ರಿಯಾಯಿತಿ

ಅರವತ್ತು ವರ್ಷ ತುಂಬಿದ ಪುರುಷರಿಗೆ ನೂರಕ್ಕೆ 40ರಷ್ಟು, ಐವತ್ತೆಂಟು ತುಂಬಿದ ಸ್ತ್ರೀಯರಿಗೆ ನೂರಕ್ಕೆ 50ರಷ್ಟು ದರವನ್ನು ಬಿಟ್ಟುಕೊಡುತ್ತಿದ್ದ ರೈಲ್ವೆ ಖಾತೆಯವರು 2020ರ ಮಾರ್ಚ್ 20ರಿಂದ ಆ ರಿಯಾಯಿತಿಯನ್ನು ನಿಲ್ಲಿಸಿದರು. ಕೊರೋನಾ ಹಬ್ಬುತ್ತಿದ್ದಾಗ ವೃದ್ಧರು ಪ್ರಯಾಣ ಮಾಡದಿರಲೆಂಬ ಉದ್ದೇಶವನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ರೋಗವು ಇಳಿದು ಗಾಡಿಗಳು ಮೊದಲಿನಂತೆ ಓಡತೊಡಗಿದ ಮೇಲೂ ರಿಯಾಯಿತಿಯು ಮರಳಲಿಲ್ಲ. ಕೆಲವು ವರ್ಗಗಳ ಅಂಗವಿಕಲರಿಗೂ ರೋಗಿಗಳಿಗೂ ವಿದ್ಯಾರ್ಥಿಗಳಿಗೂ ಅದನ್ನು ಉಳಿಸಿದುದು ಯೋಗ್ಯವೇ ಸರಿ; ವೃದ್ಧರನ್ನು ಮಾತ್ರ ಹೊರಗಿಟ್ಟುದೇಕೆ?

2022-23ರಲ್ಲಿ ಸಕಲ ಪ್ರಯಾಣಿಕರಿಗೂ ಸೇರಿ 56,993 ಕೋಟಿ ರೂಪಾಯಿ, ಎಂದರೆ ಸರಾಸರಿ ನೂರಕ್ಕೆ 46ರಷ್ಟು ಸಹಾಯ ಸಂದಿದೆಯೆಂಬುದು ಸರಕಾರದ ಉತ್ತರ. ದುಡಿಯುವ ತರುಣನಿಗೂ ಸಲ್ಲುವ ಸಹಾಯವನ್ನು ತೋರಿಸಿ, ದುಡಿಮೆ ನಿಂತವನ ವಿಶೇಷ ಸವಲತ್ತನ್ನು ಅಲ್ಲಗಳೆಯುವುದು ನ್ಯಾಯವೆನಿಸದು. ಸಿರಿವಂತರಿಗೇಕೆ ರಿಯಾಯಿತಿ ಎಂದು ಕೆಲವರು ಕೇಳಬಹುದು. ಅನುಕೂಲವುಳ್ಳವರು ಅದನ್ನು ತಾವಾಗಿಯೇ ಬಿಟ್ಟುಕೊಡುವ ಏರ್ಪಾಡು ಮೊದಲೇ ಇದ್ದಿತು. ಪಾರ್ಲಿಮೆಂಟಿನ ರೈಲ್ವೆ ಸ್ಥಾಯೀ ಸಮಿತಿಯಂತೂ 2022ರಲ್ಲಿ, ಸ್ಲೀಪರ್ ಮತ್ತು ಮೂರನೆಯ ಎ.ಸಿ. ತರಗತಿಗಳಲ್ಲಾದರೂ ಈ ವಿಷಯವನ್ನು ಸಹಾನುಭೂತಿಯಿಂದ ಪರಿಶೀಲಿಸಬೇಕೆಂದು ಸೂಚಿಸಿತು.

ನಿವೃತ್ತಿವೇತನವಿಲ್ಲದ ಮುದುಕರಿಗೆ ಪೂರ್ಣದರವೆಂದರೆ ಮಗಳ ಊರು, ಕಣ್ಣಿನ ಆಸ್ಪತ್ರೆ, ಕಾಶಿ ಮೂರೂ ದೂರವೇ. ಅವರು ಬೇಡುತ್ತಿರುವುದು ಭಿಕ್ಷೆಯಲ್ಲ. ದುಡಿಯುವ ಕಾಲದಲ್ಲಿ ಪೂರ್ಣದರ ತೆತ್ತು ಈ ರೈಲ್ವೆಯನ್ನು ಪೋಷಿಸಿದವರು ಅವರೇ. ಬೊಕ್ಕಸಕ್ಕೆ ಹೊರೆಯಾಗದಂತೆ ಕೆಳ ತರಗತಿಗಳಲ್ಲಿ ರಿಯಾಯಿತಿ ಕೊಡುವ ಸಮಿತಿಯ ಮಾರ್ಗವೇ ವಿವೇಕದ ಮಾರ್ಗವೆಂದು ನಮ್ಮ ದೃಢವಾದ ಅಭಿಪ್ರಾಯ.