ಲಾರಿಗಳಲ್ಲಿ ಡೀಸೆಲ್ ಸಂಯೋಜಕಗಳ ಬಳಕೆ

ಡೀಸೆಲ್ ಸಂಯೋಜಕಗಳು ಎಂದರೆ ಇಂಧನದ ಗುಣವನ್ನು ಉತ್ತಮಪಡಿಸಲು ಅಥವಾ ಎಂಜಿನ್ನಿನ ಭಾಗಗಳನ್ನು ಶುಚಿಯಾಗಿಡಲು ಡೀಸೆಲ್‌ಗೆ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸುವ ರಾಸಾಯನಿಕಗಳು. ವ್ಯಾಪಾರದ ರೂಢಿಯಲ್ಲಿ ಇವನ್ನು 'ಅಡಿಟಿವ್' ಎಂದು ಕರೆಯುತ್ತಾರೆ. ಇಂಥ ಕೆಲವು ರಾಸಾಯನಿಕಗಳನ್ನು ತೈಲ ಕಂಪನಿಗಳೇ ಮಾರಾಟಕ್ಕೆ ಮುನ್ನ ಬೆರೆಸುತ್ತವೆ. ಇನ್ನು ಕೆಲವನ್ನು ವಾಹನದ ಮಾಲೀಕರು ಬಾಟಲಿಗಳಲ್ಲಿ ಕೊಂಡು ಟ್ಯಾಂಕಿಗೆ ಹಾಕುತ್ತಾರೆ. ಹಲವು ಲಾರಿಗಳನ್ನು ಓಡಿಸುವ ಸಂಸ್ಥೆಗಳು ಡೀಸೆಲ್ ಖರ್ಚನ್ನು ತಗ್ಗಿಸುವ ಉದ್ದೇಶದಿಂದ ಇವನ್ನು ಬಳಸುವುದುಂಟು.

ಹಿನ್ನೆಲೆ

ಬಳ್ಳಾರಿ ಮತ್ತು ಸಂಡೂರು ಪ್ರದೇಶದ ಕಬ್ಬಿಣದ ಅದಿರಿನ ಸಾಗಣೆಯಲ್ಲಿ ಲಾರಿಗಳ ಪಾತ್ರ ದೊಡ್ಡದು. ಬಳ್ಳಾರಿಯಿಂದ ಬೆಂಗಳೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಹಲಕುಂದಿಯಂಥ ಊರುಗಳಿಗೆ ಲಾರಿ ಸಂಚಾರ ನಿತ್ಯದ ನೋಟ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದಾಗ ಅನೇಕ ಲಾರಿಗಳು ಕೆಲಸವಿಲ್ಲದೆ ನಿಂತವು. ಸಾಲ ಮಾಡಿ ವಾಹನ ಕೊಂಡಿದ್ದವರು ಸಂಕಷ್ಟಕ್ಕೆ ಸಿಲುಕಿದರು. ಮುಂದೆ ಗಣಿಗಳು ಹಂತಹಂತವಾಗಿ, ಉತ್ಪಾದನೆಯ ಮಿತಿಯೊಡನೆ ಆರಂಭಗೊಂಡವು. 2014ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಡೀಸೆಲ್ ಬೆಲೆಯನ್ನು ನಿಯಂತ್ರಣಮುಕ್ತಗೊಳಿಸಿತು. ಬಾಡಿಗೆಯ ದರ ಮಾಲೀಕನ ಕೈಯಲ್ಲಿಲ್ಲ, ಡೀಸೆಲ್ಲಿನ ಬೆಲೆಯೂ ಇಲ್ಲ. ಆದ್ದರಿಂದ ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದೇ ಸಣ್ಣ ಮಾಲೀಕನ ಲಾಭನಷ್ಟವನ್ನು ನಿರ್ಧರಿಸುತ್ತದೆ.

ವಿಧಗಳು

* ಸೀಟೇನ್ ವರ್ಧಕಗಳು: ಇಂಧನ ಬೇಗನೆ ಹೊತ್ತಿಕೊಳ್ಳುವಂತೆ ಮಾಡುತ್ತವೆ. 2-ಈಥೈಲ್‌ಹೆಕ್ಸೈಲ್ ನೈಟ್ರೇಟ್ ಇವುಗಳಲ್ಲಿ ಪ್ರಮುಖವಾದುದು.
* ಶುಚಿಕಾರಕಗಳು: ಇಂಜೆಕ್ಟರಿನ ಸೂಕ್ಷ್ಮ ರಂಧ್ರಗಳಲ್ಲಿ ಮಸಿ ಕಟ್ಟದಂತೆ ತಡೆಯುತ್ತವೆ, ಕಟ್ಟಿದ್ದನ್ನು ಕ್ರಮೇಣ ಕರಗಿಸುತ್ತವೆ.
* ಜಾರುಗುಣ ವರ್ಧಕಗಳು: ಇಂಧನ ಪಂಪಿನ ಸವೆತವನ್ನು ಕಡಿಮೆ ಮಾಡುತ್ತವೆ. ಗಂಧಕವನ್ನು ತೆಗೆಯುವ ಸಂಸ್ಕರಣೆಯಲ್ಲಿ ಡೀಸೆಲ್ಲಿನ ಸಹಜ ಜಾರುಗುಣವೂ ಕುಗ್ಗುವುದರಿಂದ ಇವು ಅಗತ್ಯವಾಗಿವೆ.
* ದಹನ ವೇಗವರ್ಧಕಗಳು: ಸೀರಿಯಂ ಅಥವಾ ಕಬ್ಬಿಣದ ಸಂಯುಕ್ತಗಳು. ಮಸಿ ಸುಡಲು ನೆರವಾಗುತ್ತವೆ.
* ಇತರೆ: ನೀರನ್ನು ಬೇರ್ಪಡಿಸುವ, ಸೂಕ್ಷ್ಮಜೀವಿಗಳನ್ನು ನಾಶಪಡಿಸುವ, ಚಳಿಯಲ್ಲಿ ಡೀಸೆಲ್ ಗಟ್ಟಿಯಾಗದಂತೆ ತಡೆಯುವ ಸಂಯೋಜಕಗಳು. ಇವುಗಳಿಗೂ ಇಂಧನ ಉಳಿತಾಯಕ್ಕೂ ನೇರ ಸಂಬಂಧವಿಲ್ಲ.

ಬಿಎಸ್-6 ಲಾರಿಗಳಲ್ಲಿ ಪ್ರತ್ಯೇಕ ಟ್ಯಾಂಕಿಗೆ ತುಂಬುವ ಯೂರಿಯಾ ದ್ರಾವಣವು ಇಂಧನ ಸಂಯೋಜಕವಲ್ಲ. ಅದು ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡುಗಳನ್ನು ಶುದ್ಧೀಕರಿಸಲು ಬಳಕೆಯಾಗುತ್ತದೆ. ಅದನ್ನು ಡೀಸೆಲ್‌ಗೆ ಬೆರೆಸಬಾರದು.

ಉಳಿತಾಯದ ಸಾಧ್ಯತೆ

'ಇಂಧನ ಪೂರ್ಣವಾಗಿ ಉರಿಯುವಂತೆ ಮಾಡುತ್ತದೆ' ಎಂಬುದು ಸಂಯೋಜಕಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು. ಆದರೆ ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ತನಗೆ ಬಂದ ಇಂಧನದ ಶೇ 98ಕ್ಕೂ ಹೆಚ್ಚು ಭಾಗವನ್ನು ಸಹಜವಾಗಿಯೇ ಉರಿಸುತ್ತದೆ. ಶಕ್ತಿ ನಷ್ಟವಾಗುವುದು ಮುಖ್ಯವಾಗಿ ಹೊಗೆಯೊಡನೆ ಹೋಗುವ ಶಾಖ, ತಂಪುನೀರು ಸೆಳೆಯುವ ಶಾಖ ಮತ್ತು ಘರ್ಷಣೆಗಳಿಂದ. ಹೀಗಾಗಿ ಇಂಥ ಎಂಜಿನ್ನಿನಲ್ಲಿ ಶೇ 10 ಅಥವಾ 20ರಷ್ಟು ಉಳಿತಾಯವಾಗುತ್ತದೆ ಎಂಬ ಜಾಹೀರಾತು ನಂಬಲರ್ಹವಲ್ಲ.

ಇಂಜೆಕ್ಟರುಗಳಲ್ಲಿ ಮಸಿ ಕಟ್ಟಿರುವ ಹಳೆಯ ಲಾರಿಯ ವಿಷಯ ಬೇರೆ. ಅದರಲ್ಲಿ ಇಂಧನ ಸರಿಯಾಗಿ ಸಿಂಪರಣೆಯಾಗದೆ ಶಕ್ತಿ ಕುಂದಿರುತ್ತದೆ. ಶುಚಿಕಾರಕವು ಹಾಗೆ ಕಳೆದುಹೋದ ದಕ್ಷತೆಯಲ್ಲಿ ಒಂದಿಷ್ಟನ್ನು ಮರಳಿ ತರಬಲ್ಲದು. ಅದು ಹೊಸ ಶಕ್ತಿಯನ್ನು ಸೇರಿಸುವುದಿಲ್ಲ.

2020ರ ಏಪ್ರಿಲ್ 1ರಿಂದ ಭಾರತದಾದ್ಯಂತ ಮಾರಾಟವಾಗುತ್ತಿರುವ ಬಿಎಸ್-6 ಡೀಸೆಲ್‌ನಲ್ಲಿ ಸೀಟೇನ್ ಸಂಖ್ಯೆ ಕನಿಷ್ಠ 51 ಇರಬೇಕು, ಗಂಧಕವು ಹತ್ತು ಲಕ್ಷದಲ್ಲಿ 10 ಭಾಗವನ್ನು ಮೀರಬಾರದು. ಗುಣಮಟ್ಟ ಈ ಹಂತದಲ್ಲಿರುವಾಗ ಸೀಟೇನ್ ವರ್ಧಕದಿಂದ ಸಿಗುವ ಹೆಚ್ಚುವರಿ ಪ್ರಯೋಜನ ಅಲ್ಪ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಧನ ಉಳಿಸುತ್ತವೆ ಎನ್ನಲಾದ ನೂರಕ್ಕೂ ಹೆಚ್ಚು ಸಾಧನಗಳನ್ನೂ ಸಂಯೋಜಕಗಳನ್ನೂ ಮೌಲ್ಯಮಾಪನ ಮಾಡಿದೆ. ಅವುಗಳಲ್ಲಿ ಬಹುಪಾಲು ಗಣನೀಯ ಉಳಿತಾಯವನ್ನು ತೋರಿಸಲಿಲ್ಲ. ಆ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಎಂದ ಮಾತ್ರಕ್ಕೆ ಅದು ಶಿಫಾರಸು ಮಾಡಿದೆ ಎಂದರ್ಥವಲ್ಲ.

ಖರ್ಚಿನ ಲೆಕ್ಕ

ಉದಾಹರಣೆಗೆ, ಲೀಟರಿಗೆ 3 ಕಿ.ಮೀ. ಓಡುವ ಲಾರಿಯೊಂದು ತಿಂಗಳಿಗೆ 3,000 ಕಿ.ಮೀ. ಸಂಚರಿಸುತ್ತದೆ ಎಂದುಕೊಳ್ಳೋಣ. ಅದಕ್ಕೆ 1,000 ಲೀಟರ್ ಡೀಸೆಲ್ ಬೇಕು. ಲೀಟರಿಗೆ 90 ರೂಪಾಯಿಯಂತೆ ಖರ್ಚು 90,000 ರೂಪಾಯಿ. ಪ್ರತಿ ಲೀಟರ್ ಡೀಸೆಲ್‌ಗೆ ಬೆರೆಸುವ ಸಂಯೋಜಕದ ಬೆಲೆ ಒಂದೂವರೆ ರೂಪಾಯಿಯಾದರೆ ತಿಂಗಳಿಗೆ 1,500 ರೂಪಾಯಿ ಹೆಚ್ಚುವರಿ ಹೊರೆ. ಅದು ಹುಟ್ಟಬೇಕಾದರೆ ಸುಮಾರು 17 ಲೀಟರ್, ಅಂದರೆ ಶೇ 1.7ರಷ್ಟು ಡೀಸೆಲ್ ಉಳಿಯಬೇಕು. ಅದಕ್ಕಿಂತ ಕಡಿಮೆ ಉಳಿದರೆ ನಷ್ಟವೇ.

ಪರೀಕ್ಷಿಸುವ ಕ್ರಮ

ಭಾರ, ರಸ್ತೆ, ಗಾಳಿ, ಚಾಲನೆಯ ರೀತಿ ಇವುಗಳಿಂದಲೇ ಮೈಲೇಜ್ ದಿನದಿಂದ ದಿನಕ್ಕೆ ಶೇ 5ಕ್ಕಿಂತ ಹೆಚ್ಚು ಏರಿಳಿಯಬಹುದು. ಆದ್ದರಿಂದ ಒಂದೆರಡು ಟ್ಯಾಂಕ್ ಡೀಸೆಲ್ ಬಳಸಿ ತೀರ್ಮಾನಕ್ಕೆ ಬರುವುದು ತಪ್ಪು. ಎಸ್‌ಎಇ ಜೆ1321 ಎಂಬ ಅಂತರರಾಷ್ಟ್ರೀಯ ಖ್ಯಾತಿಯ ಪರೀಕ್ಷಾ ವಿಧಾನದಲ್ಲಿ ಒಂದೇ ಬಗೆಯ ಎರಡು ಲಾರಿಗಳನ್ನು ಒಂದೇ ದಾರಿಯಲ್ಲಿ ಓಡಿಸುತ್ತಾರೆ. ಮೊದಲು ಎರಡಕ್ಕೂ ಸಂಯೋಜಕವಿಲ್ಲದ ಡೀಸೆಲ್ ತುಂಬಿ ಬಳಕೆಯ ಅನುಪಾತವನ್ನು ದಾಖಲಿಸಲಾಗುತ್ತದೆ. ಅನಂತರ ಒಂದಕ್ಕೆ ಮಾತ್ರ ಸಂಯೋಜಕ ಬೆರೆಸಿ ಮತ್ತೆ ಅಳೆಯಲಾಗುತ್ತದೆ. ಅನುಪಾತದಲ್ಲಿ ಆಗುವ ಬದಲಾವಣೆಯೇ ನಿಜವಾದ ಫಲಿತಾಂಶ. ಚಾಲಕರಿಗೆ ಪರೀಕ್ಷೆಯ ಅರಿವಿದ್ದರೆ ಅವರು ಹೆಚ್ಚು ಎಚ್ಚರದಿಂದ ಓಡಿಸುವುದರಿಂದಲೂ ಉಳಿತಾಯ ಕಾಣಬಹುದು.

ಎಚ್ಚರಿಕೆಗಳು

ಲೋಹಯುಕ್ತ ಸಂಯೋಜಕಗಳು ಬೂದಿಯನ್ನು ಉಳಿಸಿ ಬಿಎಸ್-6 ವಾಹನಗಳ ಹೊಗೆಶೋಧಕವನ್ನು ಕಟ್ಟಿಸಬಹುದು. ತಯಾರಕರ ಕೈಪಿಡಿ ಒಪ್ಪದ ರಾಸಾಯನಿಕ ಬಳಸಿದರೆ ವಾರಂಟಿಗೂ ಧಕ್ಕೆ ಬರಬಹುದು. ಹೇಳಿದ್ದಕ್ಕಿಂತ ಹೆಚ್ಚು ಬೆರೆಸಿದರೆ ಹೆಚ್ಚು ಲಾಭ ಎಂಬುದು ತಪ್ಪು ಕಲ್ಪನೆ.

ಇತರ ಮಾರ್ಗಗಳು

ಅದಿರಿನ ಧೂಳಿನಲ್ಲಿ ಓಡುವ ಲಾರಿಗಳಲ್ಲಿ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಅದನ್ನು ಸಕಾಲದಲ್ಲಿ ಬದಲಿಸುವುದು, ಟೈರಿನ ಗಾಳಿಯನ್ನು ಸರಿಯಾಗಿಡುವುದು, ಮಿತಿಮೀರಿದ ಭಾರ ಹೇರದಿರುವುದು ಮತ್ತು ಸಮವೇಗದ ಚಾಲನೆ ಇವು ಪರೀಕ್ಷಿತ ಉಪಾಯಗಳು. ಲೋಡಿಗಾಗಿ ಸರದಿಯಲ್ಲಿ ನಿಂತಾಗ ಎಂಜಿನ್ ಚಾಲೂ ಇದ್ದರೆ ಭಾರೀ ಲಾರಿಯೊಂದು ಗಂಟೆಗೆ ಸುಮಾರು 2ರಿಂದ 3 ಲೀಟರ್ ಡೀಸೆಲ್ ಕುಡಿಯುತ್ತದೆ. ದಿನಕ್ಕೆ ಒಂದು ಗಂಟೆ ಎಂಜಿನ್ ಆರಿಸಿದರೂ ತಿಂಗಳಿಗೆ 50 ಲೀಟರಿಗೂ ಹೆಚ್ಚು ಉಳಿಯುತ್ತದೆ. ಇದು ಮೇಲಿನ ಉದಾಹರಣೆಯಲ್ಲಿ ಸಂಯೋಜಕದ ಖರ್ಚು ಹುಟ್ಟಲು ಬೇಕಾದ ಉಳಿತಾಯದ ಸುಮಾರು ಮೂರು ಪಟ್ಟು. ಇದಕ್ಕೆ ಯಾವ ಖರ್ಚೂ ಇಲ್ಲ.